ಬಚ್ಚಲುಮನೆಯ ಹೊಗೆಕಿಂಡಿ

ಜಮಖಂಡಿಯ ನಮ್ಮ ಮನೆಯಲ್ಲಿ ಎಲ್ಲಕ್ಕಿಂತ ಕತ್ತಲೆಯ ಕೋಣೆ ಬಚ್ಚಲುಮನೆ. ಅಡುಗೆಮನೆ ದಾಟಿ ಎರಡು ಮೆಟ್ಟಿಲು ಇಳಿಯಬೇಕು. ಕರಿಕಲ್ಲಿನ ನೆಲ, ಸುಣ್ಣ ಬಳಿದಷ್ಟೂ ಮಸಿ ಮೂಡುವ ಗೋಡೆ, ಹಿಂದಿನ ಗೋಡೆಯಲ್ಲಿ ಆಳೆತ್ತರಕ್ಕೂ ಮೇಲೆ ಒಂದು ಹೊಗೆಕಿಂಡಿ. ಕಿಟಕಿ ಇರಲಿಲ್ಲ. ನಾನು ಹುಟ್ಟುವುದಕ್ಕೆ ಮೊದಲಿನಿಂದ ಅಲ್ಲಿ ನೀರು ಕಾಯಿಸುವ ತಾಮ್ರದ ಬಂಬ ಕುಳಿತಿತ್ತು. ಹೊಟ್ಟೆಯೊಳಗೆ ಬೆಂಕಿ, ಬೆಂಕಿಯ ಸುತ್ತ ನೀರು. ತೊಗರಿಕಟ್ಟಿಗೆ ಚಟಚಟ ಸಿಡಿಯುವ ಸದ್ದಿಗೇ ನಮಗೆ ಬೆಳಗಾಗುತ್ತಿತ್ತು. ಹೊಗೆ ಮೊದಲು ಕೋಣೆಯನ್ನೆಲ್ಲ ಸುತ್ತಿ, ನಮ್ಮ ಕಣ್ಣಲ್ಲಿ ನೀರು ತರಿಸಿ, ಆಮೇಲೆ ಅವಸರವಿಲ್ಲದೆ ಕಿಂಡಿಯಿಂದ ಹೊರಗೆ ಹೋಗುತ್ತಿತ್ತು. ಸೀಗೆಕಾಯಿಯ ಘಾಟು, ಒದ್ದೆ ಕಲ್ಲಿನ ವಾಸನೆ, ಹೊಗೆ ಹಿಡಿದ ಕೂದಲು. ಶಾಲೆಯಲ್ಲಿ ಪಕ್ಕದಲ್ಲಿ ಕೂತವಳ ಜಡೆಯಿಂದ ಅವಳ ಮನೆಯಲ್ಲಿ ಉರಿಸುವುದು ತೊಗರಿಯೋ ಹತ್ತಿಕಟ್ಟಿಗೆಯೋ ಎಂದು ನಾನು ಹೇಳಬಲ್ಲವಳಾಗಿದ್ದೆ. ಈಗಲೂ ಯಾರೋ ಕಟ್ಟಿಗೆ ಒಲೆ ಹೊತ್ತಿಸಿದರೆ ಕಾಲು ತಾನಾಗಿ ನಿಲ್ಲುತ್ತದೆ.

ನಾನು ಆರನೆಯ ಇಯತ್ತೆಯಲ್ಲಿದ್ದಾಗ ಬಂಬ ಅಟ್ಟ ಸೇರಿತು. ತಹಶೀಲ್ದಾರ ಕಚೇರಿಯಲ್ಲಿ ಕಾರಕೂನರಾಗಿದ್ದ ಅಪ್ಪ, ಸಾಂಗ್ಲಿಯಲ್ಲಿ ಯಾರೋ ಪರಿಚಯದವರು ಮನೆ ಬಿಡುವಾಗ ಮಾರಿದ ಗ್ಯಾಸಿನ ಗೀಜರ್ ಒಂದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ತಂದರು. ಗೋಡೆಗೆ ತೂಗುಹಾಕುವ ಬಿಳಿ ಡಬ್ಬಿ. ಅಮ್ಮನಿಗೆ, ಅವಳನ್ನು ನಾವು ಆಯಿ ಎನ್ನುತ್ತಿದ್ದೆವು, ಅದು ಬಂದದ್ದು ದೊಡ್ಡ ಬಿಡುಗಡೆ. ಅವಳು ಕನ್ನಡ ಶಾಲೆಯ ಟೀಚರು; ನಸುಕಿನಲ್ಲಿ ಬಂಬ ಹೊತ್ತಿಸಿ, ಅಡುಗೆ ಮುಗಿಸಿ, ಹೊಗೆಗೆ ಕೆಂಪಾದ ಕಣ್ಣಲ್ಲೇ ಶಾಲೆಗೆ ಓಡುತ್ತಿದ್ದಳು. ಅಜ್ಜಿ ಬೇಡವೆನ್ನುತ್ತಾಳೆಂದು ಎಲ್ಲರೂ ತಿಳಿದಿದ್ದೆವು. ಅಜ್ಜಿ ಅಪ್ಪನ ತಾಯಿ. ಮನೆಯ ಮಡಿ, ಮೈಲಿಗೆ, ಹಬ್ಬ ಎಲ್ಲ ಅವಳ ಕೈಯಲ್ಲಿ. ಅವಳು ಡಬ್ಬಿಯ ಸುತ್ತ ಒಂದು ಸಲ ನೋಡಿ ಹೇಳಿದ್ದು ನನಗೆ ಅಕ್ಷರಶಃ ನೆನಪಿದೆ.

“ಬಂಬದ ನೀರಿಗೆ ಹತ್ತು ಕೈ ಮುಟ್ಟತಾವ. ಇದು ನಳದಿಂದ ಬಂದು ನಳದಾಗ ಹೋಗತದ. ಯಾರೂ ಮುಟ್ಟದ ನೀರು. ಇದಕ್ಕಿಂತ ಮಡಿ ಎಲ್ಲಿ ಸಿಗತದ?”

“ಅವ್ವಾ, ಗ್ಯಾಸಿನ ಉರಿ ನಿನಗ ನಡೀತದೇನು?” ಅಪ್ಪ ನಗು ತಡೆದುಕೊಂಡು ಕೇಳಿದರು.

“ಅಗ್ನಿಗೆ ಎಲ್ಲೀ ಮೈಲಿಗ್ಯೋ, ಶಾಣ್ಯಾ! ಹೊಗಿನೂ ಇಲ್ಲ. ಸುಮತಿ ಕಣ್ಣರೆ ಉಳೀತಾವ.”

ಸುಮತಿ ಎಂದರೆ ನಮ್ಮ ಆಯಿ. ಅಜ್ಜಿ ಸೊಸೆಯ ಕಣ್ಣಿನ ಬಗ್ಗೆ ಬಾಯಿಬಿಟ್ಟು ಮಾತಾಡಿದ್ದು ಅದೇ ಮೊದಲು ಇರಬೇಕು. ಆಯಿ ತಿರುಗಿ ನೋಡಿದಳು.

ಡಬ್ಬಿಯ ನಡುವೆ ಒಂದು ಸಣ್ಣ ಗಾಜಿನ ಕಿಂಡಿ. ಒಳಗೆ ಯಾವಾಗಲೂ ಒಂದು ಪುಟ್ಟ ಉರಿ, ಮಲ್ಲಿಗೆ ಮೊಗ್ಗಿನಷ್ಟು, ನೀಲಿ. ನಳ ತಿರುಗಿಸಿದರೆ ಆ ಮೊಗ್ಗಿನಿಂದ ದೊಡ್ಡ ಉರಿ ಭಗ್ಗೆಂದು ಹೊತ್ತಿಕೊಳ್ಳಬೇಕು. ಮೊಗ್ಗನ್ನು ಹೊತ್ತಿಸುವುದು ನನ್ನ ಕೆಲಸವಾಯಿತು. ಗುಂಡಿಯನ್ನು ಒಳಕ್ಕೆ ಒತ್ತಿ, ಕಡ್ಡಿ ಗೀರಿ ಒಳಗೆ ಹಿಡಿದು, ಉರಿ ಹತ್ತಿದ ಮೇಲೂ ಗುಂಡಿ ಬಿಡದೆ ಒತ್ತಿ ನಿಲ್ಲಬೇಕು. ಎಷ್ಟು ಹೊತ್ತು ಎಂದರೆ ಗಣಪತಿಯ ಒಂದು ಶ್ಲೋಕ ಎರಡು ಸಲ ಹೇಳಿ ಮುಗಿಸುವಷ್ಟು, ಅಳತೆ ಅಜ್ಜಿಯದು. ಒಂದು ತಿಂಗಳು ಎಲ್ಲ ಛಲೋ ನಡೆಯಿತು. ಆಮೇಲೆ ಬೆರಳು ತೆಗೆದ ಕೂಡಲೇ ಉರಿ ಹೋಗತೊಡಗಿತು. ಮೂರು ಸಲ ಶ್ಲೋಕ ಹೇಳಿದೆ, ಐದು ಸಲ ಹೇಳಿದೆ. ಹೆಬ್ಬೆರಳಿನಲ್ಲಿ ಗುಂಡಿಯ ಅಚ್ಚು ಮೂಡಿತೇ ಹೊರತು ಉರಿ ನಿಲ್ಲಲಿಲ್ಲ.

ಅಪ್ಪ ಮೀರಾಸಾಬನಿಗೆ ಹೇಳಿಕಳಿಸಿದರು. ಅವನು ಬನಹಟ್ಟಿಯಲ್ಲಿ ಮಗ್ಗ ರಿಪೇರಿ ಮಾಡುವವನು. ವಾರಕ್ಕೊಮ್ಮೆ ಜಮಖಂಡಿಗೆ ಬಂದಾಗ ನಮ್ಮ ಸ್ಟೋವು, ಗ್ಯಾಸಬತ್ತಿ, ಹೊಲಿಗೆ ಯಂತ್ರ ಎಲ್ಲವನ್ನೂ ನೋಡಿ ಹೋಗುತ್ತಿದ್ದ. ಬಂದವನು ಮೊದಲು ಕೈ ಹಚ್ಚಲಿಲ್ಲ. ನನ್ನ ಕೈಯಿಂದ ನಾಲ್ಕು ಸಲ ಹೊತ್ತಿಸಿ, ಮೊಣಕಾಲ ಮೇಲೆ ಕೈಯಿಟ್ಟು ಸುಮ್ಮನೆ ನೋಡಿದ.

“ಗ್ಯಾಸ್ ಬರಾಕತ್ತೈತಿ, ಉರಿ ಹತ್ತಾಕತ್ತೈತಿ, ಕೈ ಬಿಟ್ರ ಹೋಗತೈತಿ. ಅಂದ್ರ ಕಡ್ಡಿಗೆ ಬಿಸಿ ಮುಟ್ಟವಲ್ದು ರಾಯರ.” ಆಮೇಲೆ ನನ್ನ ಕಡೆ ತಿರುಗಿ, “ನೋಡ ತಂಗಿ, ಉರಿ ಬಾಜೂಕ ಈ ತಾಮ್ರದ ಕಡ್ಡಿ ಐತೆಲ್ಲ, ಇದು ಕಾವಲದಾಂವ. ಮೈ ಬಿಸಿ ಇರೂತನಕ ಗ್ಯಾಸ್ ಬಿಡತಾನ. ಉರಿ ಹೋತು, ಮೈ ತಣ್ಣಗಾತು, ಬಂದ್ ಮಾಡತಾನ. ಈಗ ಇವನ ಮೈಗೆ ಕೊಳಿ ಹತ್ತೇತಿ, ಅಷ್ಟ.”

ಮಗ್ಗದ ಲಾಳಿ ತಿಕ್ಕುವ ಉಸುಕಿನ ಕಾಗದದಿಂದ ಕಡ್ಡಿಯ ತುದಿಯನ್ನು ಹೊಳೆಯುವಂತೆ ತಿಕ್ಕಿದ. ಹಿಂದಿನ ನಟ್ಟನ್ನು ಕಾಲು ಸುತ್ತು ಬಿಗಿ ಮಾಡಿದ. ನಮ್ಮ ಸ್ಟೋವಿನ ಪಿನ್ನು ಇಸಿದುಕೊಂಡು ಗ್ಯಾಸು ಬರುವ ತೂತು ಚುಚ್ಚಿದ. ಈ ಸಲ ಶ್ಲೋಕ ಒಂದೇ ಸಾಲು ಮುಗಿದಿತ್ತು, ಬೆರಳು ತೆಗೆದರೂ ಉರಿ ನಿಂತಿತು. ಅವನಿಗೆ ಅಜ್ಜಿ ತಾನೇ ಚಹಾ ಕಳಿಸಿದಳು. ಹೊಗೆಕಿಂಡಿ ಆಗ ತೆರೆದೇ ಇತ್ತು. ಅದರ ಮಾತು ಯಾರ ಬಾಯಲ್ಲೂ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ.

ಎರಡನೆಯ ತೊಂದರೆ ಗಣಪತಿ ಹಬ್ಬದ ನಂತರ ಶುರುವಾಯಿತು. ಈಗ ಉರಿ ಹತ್ತುತ್ತಿತ್ತು, ನಿಲ್ಲುತ್ತಿತ್ತು, ಸ್ನಾನದ ನಡುವೆ ಹೋಗುತ್ತಿತ್ತು. ಎಲ್ಲರಿಗಿಂತ ಹೆಚ್ಚಾಗಿ ಅಪ್ಪನಿಗೇ ಹೀಗಾಗುತ್ತಿತ್ತೆಂದು ನನ್ನ ನೆನಪು. ಅಡುಗೆಮನೆಯಲ್ಲಿ ನಾನು ಅವಲಕ್ಕಿ ತಿನ್ನುತ್ತ ಕೂತಿದ್ದರೆ ಒಳಗಿಂದ ಕೂಗು:

“ಏ ಶಕ್ಕೂ! ಹೋತು ನೋಡಲೇ ಮತ್ತ!”

“ಬಾಗಲಾ ತಗೀರಿ ಅಪ್ಪಾ, ಹಚ್ಚತೀನಿ.”

“ಹ್ಯಾಂಗ ತಗೀಲಿ? ಕಣ್ಣಾಗೆಲ್ಲಾ ಸಬಕಾರ!”

“ಅಂದ್ರ ತಣ್ಣೀರು ಹಾಕ್ಕೋರಿ.”

“ನಿನ್ನ... ಬರತೀನಿ ತಡಿ ಹೊರಗ!”

ಆಯಿ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದಳು. ಅಜ್ಜಿ ಮಾತ್ರ ನಗುತ್ತಿರಲಿಲ್ಲ. ಉರಿ ಆರಿತು ಎಂದರೆ ಅವಳಿಗೆ ಆಗುತ್ತಿರಲಿಲ್ಲ; ‘ಶಾಂತ ಆತು’ ಅನ್ನಬೇಕು. ಅದಕ್ಕೆ ಕಾರಣವಿತ್ತು. ನಮ್ಮ ಮನೆಯಲ್ಲಿ ನವರಾತ್ರಿಗೆ ದೇವರ ಮುಂದೆ ಹಚ್ಚಿದ ದೀಪ ಒಂಬತ್ತು ದಿನ ಆರಬಾರದು. ಮದುವೆಯಾಗಿ ಬಂದ ವರ್ಷದಿಂದ ಅಜ್ಜಿ ಆ ದೀಪ ಕಾದಿದ್ದಳು, ಒಮ್ಮೆಯೂ ಆರಗೊಟ್ಟಿರಲಿಲ್ಲ. ಯಾವ ಬಾಗಿಲು ಎಷ್ಟು ತೆರೆದರೆ ಗಾಳಿ ಎಲ್ಲಿ ಸುಳಿಯುತ್ತದೆ, ಯಾವ ಹೊತ್ತಿಗೆ ಯಾವ ಕಿಟಕಿ ಮುಚ್ಚಬೇಕು, ಇದು ಅವಳಿಗೆ ಕರತಲದ ಗೆರೆಯಂತೆ ಗೊತ್ತಿತ್ತು. ನವರಾತ್ರಿಗೆ ವಾರವಿರುವಾಗ ಒಂದು ಮುಂಜಾನೆ ಅವಳು ಆರತಿಯ ಪುಟ್ಟ ದೀಪ ನಿರಂಜನವನ್ನು ಹಚ್ಚಿಕೊಂಡು ಬಚ್ಚಲುಮನೆಗೆ ಇಳಿದಳು. ನೆಲದ ಮೇಲಿಟ್ಟಳು, ಮಣೆಯ ಮೇಲಿಟ್ಟಳು, ಕೊನೆಗೆ ಗೀಜರಿನ ಪಕ್ಕ ಕೈಯಲ್ಲಿ ಎತ್ತಿ ಹಿಡಿದಳು. ಪ್ರತಿ ಸಲವೂ ಉಸಿರು ಹಿಡಿದು ಉರಿ ಯಾವ ಕಡೆ ಬಾಗುತ್ತದೆ ನೋಡಿದಳು. ಎತ್ತಿ ಹಿಡಿದಾಗ ಅದು ಹೊಗೆಕಿಂಡಿಯಿಂದ ದೂರಕ್ಕೆ ಬಾಗಿ ಮಲಗಿಬಿಟ್ಟಿತು.

“ಸಿಕ್ಕ ಕಳ್ಳ. ಹೊಗಿನ ಇಲ್ಲಂದಮ್ಯಾಲ ಹೊಗಿಕಿಂಡಿ ಯಾಕ ಬೇಕ? ಶಕ್ಕೂ, ಸ್ಟೂಲ ತಗೊಂಬಾ.”

ಇದನ್ನು ನಾನು ನಿಧಾನವಾಗಿ ಬರೆಯುತ್ತಿದ್ದೇನೆ. ಅವಳ ಪರೀಕ್ಷೆಯಲ್ಲಿ ತಪ್ಪಿರಲಿಲ್ಲ. ಗಾಳಿ ಅಲ್ಲಿಂದಲೇ ಬರುತ್ತಿತ್ತು, ಉರಿಯನ್ನು ಆರಿಸುತ್ತಿದ್ದದ್ದೂ ಅದೇ. ಅಜ್ಜಿಯ ಹಳೆಯ ಸೀರೆಯನ್ನು ನಾಲ್ಕು ಮಡಿಕೆ ಮಾಡಿ, ಸುರುಳಿ ಸುತ್ತಿ, ಸ್ಟೂಲಿನ ಮೇಲೆ ತುದಿಗಾಲಲ್ಲಿ ನಿಂತು ಕಿಂಡಿಯಲ್ಲಿ ತುರುಕಿದವಳು ನಾನು. ಒಂದು ಮೂಲೆಯಲ್ಲಿ ಬೆಳಕು ಇಣುಕುತ್ತಿತ್ತು. ಅಜ್ಜಿ ಅದನ್ನು ಬಿಡು ಅಂದಳೋ ಮುಚ್ಚು ಅಂದಳೋ ನೆನಪಿಲ್ಲ, ನಾನು ಮುಚ್ಚಿದೆ. ಕೆಲಸ ಅಚ್ಚುಕಟ್ಟಾಗಬೇಕೆಂಬ ಹಟ ನನಗೆ ಆಗಲೇ ಇತ್ತು. ಉರಿ ನೆಟ್ಟಗೆ ನಿಂತಿತು. ಎಂಟು ದಿನ ಒಮ್ಮೆಯೂ ಹೋಗಲಿಲ್ಲ. ಅಪ್ಪ ಪೂರ್ತಿ ಸ್ನಾನ ಮುಗಿಸಿ ಬಂದು ಅಜ್ಜಿಗೆ ಕೈಮುಗಿದರು. ಅಜ್ಜಿ, “ಸಾಂಗ್ಲಿ ಯಂತ್ರಕ್ಕೂ ಜಮಖಂಡಿ ಮುದುಕಿ ಬುದ್ಧಿನ ಬೇಕಾತು,” ಎಂದು ಓಣಿಯವರಿಗೆಲ್ಲ ಹೇಳಿದಳು.

ಆ ಎಂಟು ದಿನಗಳಲ್ಲಿ ನಾವು ಕಂಡದ್ದನ್ನೂ ಬರೆಯಬೇಕು. ನೀಲಿ ಮೊಗ್ಗಿನ ತುದಿ ಹಳದಿಯಾಯಿತು. ದೊಡ್ಡ ಉರಿಯೂ ಹಳದಿಗೆ ತಿರುಗಿ, ಡಬ್ಬಿಯ ಮೇಲಂಚಿನಲ್ಲಿ ಕಾಡಿಗೆಯಂತಹ ಮಸಿ ಕೂತಿತು. ಸ್ನಾನ ಮಾಡಿ ಬಂದ ಅಪ್ಪ ಹಣೆ ಒತ್ತಿಕೊಳ್ಳುತ್ತಿದ್ದರು; ಅಜ್ಜಿ ಪಿತ್ತವೆಂದು ಶುಂಠಿ ಕಷಾಯ ಕೊಟ್ಟಳು. ನನಗೆ ಒಂದು ದಿನ ಓಕರಿಕೆ ಬಂತು. ಹಿಂದಿನ ದಿನ ತಿಂದ ಶೇಂಗಾಹೋಳಿಗೆಯ ಮೇಲೆ ಹೋಯಿತು ಅಪವಾದ. ಎಲ್ಲಕ್ಕೂ ನಮ್ಮಲ್ಲಿ ಒಂದೊಂದು ಹೆಸರು ಸಿದ್ಧವಿತ್ತು. ಯಾವ ಹೆಸರೂ ಆ ಕೋಣೆಯದಾಗಿರಲಿಲ್ಲ.

ನವರಾತ್ರಿಯ ಶುಕ್ರವಾರ. ಶಾಲೆಗೆ ರಜೆ. ಆಯಿ ಮುಂಜಾನೆಯಿಂದ ಎಲ್ಲರಿಗೂ ತಲೆಗೆ ಎಣ್ಣೆ ಹಚ್ಚಿದಳು. ಅಜ್ಜಿಯ ಸ್ನಾನವಾಯಿತು, ಅಪ್ಪನದಾಯಿತು. ನಾನು ಹಿತ್ತಲಲ್ಲಿ ಬಟ್ಟೆ ಒಣಹಾಕಿ ಆಮೇಲೆ ಮಾಡುವುದೆಂದಿತ್ತು. ನಿನ್ನೆಯ ಲಂಗದಲ್ಲೇ ಇದ್ದೆ. ಆಯಿ ಒಳಗೆ ಹೋದಳು. ನೈವೇದ್ಯದ ಅಡುಗೆ ಅವಳದು. ಹಾಗಾಗಿ ಮಡಿಯಲ್ಲಿ ಬರಬೇಕು. ಮಡಿಸ್ನಾನದ ನಿಯಮ ನಮ್ಮ ಮನೆಯಲ್ಲಿ ಕಟ್ಟುನಿಟ್ಟು: ಕೊನೆಯ ನೀರಿಗೆ ದೇವಿಸ್ತೋತ್ರ ಶುರುಮಾಡಿದರೆ ಮುಗಿಯುವವರೆಗೆ ನಡುವೆ ಮಾತಾಡಬಾರದು, ಹೊರಗಿನವರು ಕರೆಯಬಾರದು, ಮುಟ್ಟುವುದಂತೂ ದೂರ. ಕರೆದರೆ ಮತ್ತೆ ಮೊದಲಿಂದ. ಎರಡು ದಿನದ ಹಿಂದೆ ಪೆನ್ಸಿಲು ಎಲ್ಲಿದೆಯೆಂದು ಬಾಗಿಲ ಹೊರಗಿಂದ ಕೇಳಿ ನಾನು ಆಯಿಯನ್ನು ಎರಡನೆಯ ಸಲ ಸ್ನಾನ ಮಾಡಿಸಿದ್ದೆ. ಅಜ್ಜಿ ಬೈದಿದ್ದಳು. ಬೈಗುಳಕ್ಕಿಂತ ಆಯಿ ಒದ್ದೆ ಕೂದಲಲ್ಲಿ ಮತ್ತೆ ಮೆಟ್ಟಿಲು ಇಳಿದದ್ದು ನನಗೆ ಹೆಚ್ಚು ನೋವು ಕೊಟ್ಟಿತ್ತು.

ಬಟ್ಟೆಯ ಬುಟ್ಟಿ ಹಿಡಿದು ನಾನು ಬಚ್ಚಲುಮನೆಯ ಬಾಗಿಲ ಮುಂದೆ ಬಂದಾಗ ಒಳಗೆ ಸ್ತೋತ್ರ ನಡೆದಿತ್ತು. ಆಯಿಯ ದನಿ ತರಗತಿಯಲ್ಲಿ ಪಾಠ ಓದಿಸುವ ದನಿ, ಸ್ಪಷ್ಟ. ಒಂದು ಸಾಲಿನ ನಡುವೆ ಅದು ನಿಂತಿತು. ಏನೋ ಬಿದ್ದ ಸದ್ದು, ಜೋರಲ್ಲ. ತಂಬಿಗೆ ಇರಬಹುದು ಅಂದುಕೊಂಡೆ. ನೀರು ಬೀಳುತ್ತಲೇ ಇತ್ತು. ಮರೆತಿರಬೇಕು, ಮುಂದಿನ ಸಾಲು ಈಗ ಬರುತ್ತದೆ ಎಂದು ನಿಂತೆ. ಆಯಿ ಆ ಸ್ತೋತ್ರ ಮರೆಯುವವಳಲ್ಲ ಎಂಬುದೂ ನನಗೆ ಗೊತ್ತಿತ್ತು. ಆ ಸಾಲನ್ನು ನಾನೇ ಮನಸ್ಸಿನಲ್ಲಿ ಮುಗಿಸಿದೆ. ಮುಂದಿನದನ್ನೂ ಹೇಳಿಕೊಂಡೆ. ಕರೆದರೆ ಇವತ್ತೂ ಎರಡನೆಯ ಸಲ ಸ್ನಾನ. ಕರೆಯದಿದ್ದರೆ? ಆ ಪ್ರಶ್ನೆಯ ಎರಡನೆಯ ಅರ್ಧ ನನಗೆ ಆಗ ಪೂರ್ತಿ ಹೊಳೆಯಲಿಲ್ಲ. ಸ್ತೋತ್ರ ಕೊನೆಯವರೆಗೆ ನನ್ನೊಳಗೇ ಮುಗಿಯಿತು. ಉಳಿದದ್ದು ಎಷ್ಟು ಸಾಲು ಎಂದು ಆಮೇಲೆ ಎಷ್ಟೋ ಸಲ ಎಣಿಸಿದ್ದೇನೆ. ಒಂಬತ್ತು. ಒಂಬತ್ತು ಸಾಲು ಮುಗಿದ ಮೇಲೆ ನಾನು ಕರೆದೆ.

“ಆಯೀ?”

ನೀರಿನ ಸದ್ದು. ಆಮೇಲೆ ನಾನು ಹೇಗೆ ಕಿರುಚಿದೆನೋ ಗೊತ್ತಿಲ್ಲ. ಪೂಜೆಗೆ ಕೂತಿದ್ದ ಅಪ್ಪ ಘಂಟೆ ಕೈಯಲ್ಲಿ ಹಿಡಿದೇ ಓಡಿ ಬಂದರು. ಎರಡು ಸಲ ಬಾಗಿಲಿಗೆ ಹೆಗಲಿನಿಂದ ಗುದ್ದಿದಾಗ ಒಳಗಿನ ಚಿಲಕ ಮೊಳೆಸಮೇತ ಕಿತ್ತು ಬಂತು. ಬಾಗಿಲು ಅರ್ಧ ತೆರೆದು ಸಿಕ್ಕಿಕೊಂಡಿತು, ಆಯಿ ಅದರ ಹಿಂದೆಯೇ ಬಿದ್ದಿದ್ದಳು. ಅಜ್ಜಿ ಅಪ್ಪನನ್ನು ಬದಿಗೆ ಸರಿಸಿ, ಆ ಸಂದಿಯಲ್ಲಿ ನುಸುಳಿ, ತನ್ನ ಮಡಿಸೀರೆಯ ಸೆರಗನ್ನೇ ಅವಳ ಮೈಮೇಲೆ ಎಳೆದು ಕಂಕುಳಲ್ಲಿ ಕೈಹಾಕಿದಳು.

“ಹಿಡಿಯೋ, ಕಾಲು ಹಿಡಿ! ಶಕ್ಕೂ, ಬಾಗಲಾ ಎಲ್ಲಾ ತಗೀ! ಮುಂದಿಂದೂ ತಗೀ, ದೇವರ ಖೋಲೀದೂ ತಗೀ!”

ತೆಗೆದೆ. ಮುಂಬಾಗಿಲಿಂದ ಹಿತ್ತಲಿಗೆ ಗಾಳಿ ಒಮ್ಮೆಲೇ ಹಾಯಿತು. ದೇವರ ದೀಪ ಹೋದದ್ದನ್ನು ನಾನು ಕಂಡೆ. ಅಜ್ಜಿಯೂ ಕಂಡಳು, ಹಿತ್ತಲ ಕಟ್ಟೆಯ ಮೇಲೆ ಸೊಸೆಯ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಮೊರದಿಂದ ಗಾಳಿ ಬೀಸುತ್ತಿದ್ದವಳು ಒಂದು ಸಲ ಆ ಕಡೆ ನೋಡಿ ಮತ್ತೆ ಬೀಸತೊಡಗಿದಳು. “ಸುಮತೀ, ಏಳವಾ. ಏಳ ನನ್ನವ್ವಾ.” ಆ ದನಿಯಲ್ಲಿ ಅವಳು ಯಾರನ್ನೂ ಕರೆದದ್ದನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ. ಆಯಿಯ ತುಟಿಗೆ ಬಣ್ಣ ಬರಲು ಬಹಳ ಹೊತ್ತಾಯಿತು. ಮೊದಲು ಕೆಮ್ಮು, ಆಮೇಲೆ ವಾಂತಿ, ಆಮೇಲೆ ಕಣ್ಣು. ಡಾಕ್ಟರು ಬಂದು, ಬಿದ್ದಾಗ ಮುಖ ಬಾಗಿಲ ಅಡಿಯ ಸಂದಿಯ ಕಡೆಗಿತ್ತು, ಅಲ್ಲಿಂದ ಬಂದ ಗಾಳಿಯೇ ಉಳಿಸಿತು ಎಂದರು.

ಮರುದಿನ ಮೀರಾಸಾಬ ಬಂದ. ಕಿಂಡಿಯತ್ತ ನೋಡಿದ, ಸ್ಟೂಲು ಏರಿ ಸೀರೆಯ ಸುರುಳಿ ಹೊರಗೆಳೆದ, ಕೆಳಗಿಳಿದು ಅದನ್ನು ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತ.

“ಉರಿಗೂ ಉಸಿರು ಬೇಕ್ರಿ ಅಮ್ಮಾರ. ಕಟಗಿ ಹೊಗಿ ಕಣ್ಣಿಗೆ ಹತ್ತತೈತಿ, ಗೊತ್ತಾಗತೈತಿ. ಇದರ ಹೊಗಿ ಕಾಣಂಗಿಲ್ಲ, ನಾರಂಗಿಲ್ಲ. ಕಡೀಕ ಉರಿಗೇ ಉಸಿರು ಸಾಲದ ಹೋತು, ಕಾವಲದಾಂವ ಗ್ಯಾಸ್ ಬಂದ್ ಮಾಡಿದ. ಇಲ್ಲಂದ್ರ...” ಅವನು ಸುರುಳಿಯನ್ನು ಪಕ್ಕಕ್ಕಿಟ್ಟ. “ಅವತ್ತ ಕಿಂಡಿ ಮಾತ ಹೇಳಬೇಕಾಗಿತ್ತರಿ ನಾ. ತೆರದಿತ್ತು, ಸುಮ್ಮನಾದೆ.”

“ಮುಚ್ಚಂದಾಕಿ ನಾನು,” ಎಂದಳು ಅಜ್ಜಿ.

“ತಂದಾಂವ ನಾನು,” ಎಂದರು ಅಪ್ಪ.

ಮುಚ್ಚಿದವಳು ನಾನೆಂದು ಎಲ್ಲರಿಗೂ ಗೊತ್ತಿತ್ತು. ಮಗು ಎಂದು ಬಿಟ್ಟಿದ್ದರು. ಒಂಬತ್ತು ಸಾಲಿನ ವಿಷಯ ಯಾರಿಗೂ ಗೊತ್ತಿರಲಿಲ್ಲ. ಗೀಜರನ್ನು ಅಂದೇ ಕಿತ್ತು ಹಿತ್ತಲ ಗೋಡೆಯ ಹೊರಮೈಗೆ ಹಾಕಿದರು. ನೀರು ಮಾತ್ರ ಪೈಪಿನಲ್ಲಿ ಒಳಗೆ. ದೇವರ ದೀಪ ಉರಿಯುತ್ತಿತ್ತು. ಮತ್ತೆ ಹಚ್ಚಿದವರು ಯಾರೆಂದು ಕೇಳುವ ಧೈರ್ಯ ನನಗಿರಲಿಲ್ಲ.

ಆ ಮಧ್ಯಾಹ್ನ ಆಯಿ ಪಡಸಾಲೆಯಲ್ಲಿ ಮಲಗಿದ್ದಳು. ನಾನು ಅವಳ ಕಾಲಬುಡದಲ್ಲಿ ಕೂತು ಹೆಸರುಬೇಳೆಯ ತಿಳಿ ಆರಿಸುತ್ತಿದ್ದೆ. ಮನೆಯಲ್ಲಿ ಉಳಿದವರು ಊಟಕ್ಕೆ ಕೂತಿದ್ದರು. ಹೇಳಿಬಿಡಬೇಕೆಂದು ಎರಡು ಸಲ ಬಾಯಿ ತೆರೆದೆ.

“ನಾ ಹೊರಗ ನಿಂತಿದ್ದೆ ಆಯೀ,” ಎಂದೆ ಕಡೆಗೆ.

“ಗೊತ್ತದ. ಬಾಗಲ ಕೆಳಗ ನಿನ್ನ ಕಾಲು ಕಾಣ್ತಿದ್ವು,” ಎಂದಳು. “ಕರೀಬೇಕಂದೆ. ಬಾಯಿ ಬರಲಿಲ್ಲ.”

“ನಿನ್ನ ಮಡಿ ಕೆಡತದಂತ...”

“ಹೂಂ. ಅದೂ ಗೊತ್ತಾತು.”

ಅವಳು ಬೈಯಲಿಲ್ಲ, ತಲೆ ಸವರಲಿಲ್ಲ. ಕಣ್ಣು ಮುಚ್ಚಿಕೊಂಡಳು. ನಾನು ಬಟ್ಟಲಿಗೆ ಊದುತ್ತಲೇ ಇದ್ದೆ, ತಿಳಿ ಆಗಲೇ ತಣ್ಣಗಾಗಿತ್ತು. ನೆಲದ ಮೇಲೆ ಬಿದ್ದುಕೊಂಡು, ಬಾಗಿಲ ಆಚೆ ಅಲುಗಾಡದೆ ನಿಂತ ನನ್ನ ಎರಡು ಕಾಲುಗಳನ್ನು ನೋಡುತ್ತ ಅವಳಿಗೆ ಏನನಿಸಿರಬಹುದೆಂದು ನಾನು ಈ ವಯಸ್ಸಿಗೂ ಪೂರ್ತಿ ಯೋಚಿಸಲಾರೆ. ಅರ್ಧಕ್ಕೆ ಎದ್ದುಬಿಡುತ್ತೇನೆ.

ನವರಾತ್ರಿಯ ಕೊನೆಯ ದಿನ ಆಯಿ ಎದ್ದಳು. ಅಜ್ಜಿ ಬೇಡವೆಂದರೂ ಅಡುಗೆ ತಾನೇ ಮಾಡುತ್ತೇನೆಂದು ಸ್ನಾನಕ್ಕೆ ಹೋದಳು. ಬಾಗಿಲಿಗೆ ಹೊಸ ಚಿಲಕ ಬಂದಿತ್ತು, ಅವಳು ಹಾಕಿಕೊಳ್ಳಲಿಲ್ಲ. ಸ್ತೋತ್ರ ಕೊನೆಯ ಸಾಲಿನವರೆಗೆ ಕೇಳಿಸಿತು. ಮಡಿಸೀರೆಯಲ್ಲಿ, ಒದ್ದೆ ಕೂದಲಿಗೆ ಗಂಟು ಹಾಕಿ ಮೆಟ್ಟಿಲು ಏರಿ ಬಂದಳು. ಅಡುಗೆಮನೆಯ ಹೊಸ್ತಿಲ ಈಚೆ ನಾನು ನಿಂತಿದ್ದೆ, ಸ್ನಾನವಾಗಿರಲಿಲ್ಲ, ಅಭ್ಯಾಸದಂತೆ ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ. ಅಜ್ಜಿ ಒಲೆಯ ಮುಂದೆ ಅಕ್ಕಿ ತೊಳೆಯುತ್ತಿದ್ದಳು. ಆಯಿ ನನ್ನ ಮುಂದೆ ಬಂದು ನಿಂತಳು. ಕೈ ಚಾಚಿ ನನ್ನ ಕೈ ಹಿಡಿದಳು. ಹಾಗೆ ಹಿಡಿದುಕೊಂಡೇ ಒಳಗೆ ಕರೆದೊಯ್ದು ಒಲೆಯ ಪಕ್ಕದ ಮಣೆಯ ಮೇಲೆ ಕೂಡಿಸಿದಳು.

ಅಜ್ಜಿ ನಮ್ಮಿಬ್ಬರ ಕೈ ನೋಡಿದಳು. ಅಕ್ಕಿಯ ನೀರು ಬಸಿದಳು, ಇನ್ನೊಂದು ಸಲ ತೊಳೆದಳು.

“ಹೊತ್ತಾತು,” ಎಂದಳು. “ಅಕ್ಕಿ ಹಾಕು ಸುಮತಿ. ಆ ಹುಡಿಗಿ ಕೈಯಾಗ ಕೊಬ್ಬರಿ ತುರೀಲಿಕ್ಕರೆ ಕೊಡು, ಸುಮ್ಮನ ಕುಂತದ.”